ಹಸಿರು ದೀಪ ನಂಬಿದ ಗಿಟಾರ್ ಮೇಷ್ಟ್ರು

ತಿರುನಾರಾಯಣ ಮೇಷ್ಟ್ರು ಗಿಟಾರನ್ನು ದವಡೆಯಿಂದ ಶ್ರುತಿ ಮಾಡುತ್ತಿದ್ದರು. ವಾದ್ಯದ ಭುಜಕ್ಕೆ ಗಲ್ಲವೂರಿ, ಕಣ್ಣು ಮುಚ್ಚಿ, ಒಂದು ತಂತಿಯನ್ನು ಮೀಟಿ, ಆ ನಾದ ಮೂಳೆಯೊಳಗೆ ಇಳಿಯುವವರೆಗೆ ಕಾದು, ಆಮೇಲೆ ಬಿರಡೆಯನ್ನು ಕೂದಲೆಳೆಯಷ್ಟು ತಿರುಗಿಸುವ ಆ ಭಂಗಿಯನ್ನು ಮೊದಲ ಸಲ ಕಂಡವರು, ಪಾಪ, ಈತನಿಗೆ ಹಲ್ಲುನೋವು ಎಂದೇ ತಿಳಿಯುತ್ತಿದ್ದರು. ಸುಸ್ವರ ಆರ್ಕೆಸ್ಟ್ರಾದ ನಿರೂಪಕನಾಗಿ ಮೈಕು ಹಿಡಿದಿದ್ದ ನಾನು ಮಾತ್ರ ಅದನ್ನು ತಪಸ್ಸೆಂದು ಬಣ್ಣಿಸುತ್ತಿದ್ದೆ. ‘ಷಟ್‌ತಂತ್ರಿಗಳ ಚಕ್ರವರ್ತಿ, ಹೊಳೆನರಸೀಪುರದ ನಾದಸಿಂಹ’ ಎಂದು ನಾನು ಗರ್ಜಿಸಿದಾಗಲೆಲ್ಲ ಆ ಸಿಂಹ ದಪ್ಪ ಕನ್ನಡಕವನ್ನು ಮೂಗಿನ ಮೇಲಕ್ಕೇರಿಸಿ, ‘ಆರು ತಂತಿ ಇದೆ ಅಂತ ಹೇಳಿದ್ರೆ ಸಾಕು ಕಣಯ್ಯ’ ಎಂದು ಗೊಣಗುತ್ತಿತ್ತು.

ಹೊಟ್ಟೆಪಾಡಿಗೆ ಹಾಸನದಲ್ಲೊಂದು ಟೈಪಿಂಗ್ ಇನ್‌ಸ್ಟಿಟ್ಯೂಟು. ತೊಂಬತ್ತರ ದಶಕದಲ್ಲಿ ಅಲ್ಲಿ ಕಾಲಿಟ್ಟರೆ ಆಲಿಕಲ್ಲು ತಗಡಿನ ಮೇಲೆ ಸುರಿದಂಥ ಗದ್ದಲ. ಆ ಗದ್ದಲಕ್ಕೆ ಬೆನ್ನು ಹಾಕಿ, ಕಿಟಕಿಯಾಚೆ ನೋಡುತ್ತಲೇ ಮೇಷ್ಟ್ರು, ‘ಪ್ರಿಯಂವದಾ, ಎಡಗಿರುಬೆರಳು ಸೋಮಾರಿ ಆಗಿದೆ’ ಎನ್ನುತ್ತಿದ್ದರು. ಹುಡುಗಿಯರು ಅವರ ತಲೆಯ ಹಿಂದೆಯೂ ಕಣ್ಣಿದೆಯೆಂದು ನಂಬಿದ್ದರು. ನಡಿಗೆಯೂ ಟೈಪ್‌ರೈಟರಿನಿಂದಲೇ ಕಲಿತದ್ದು: ಬೀದಿಯ ಕೊನೆಯವರೆಗೆ ಪುಟ್ಟ ಪುಟ್ಟ ಸಮಹೆಜ್ಜೆ, ತುದಿ ಮುಟ್ಟಿದೊಡನೆ ಥಟ್ಟನೊಂದು ತಿರುವು. ನಮ್ಮ ತಂಡದ ಮೆರೂನ್ ಕೋಟನ್ನು, ಉಳಿದವರೆಲ್ಲ ಬೆವರಿಗೆ ಹೆದರಿ ಕುರ್ಚಿಯ ಬೆನ್ನಿಗೆ ತೊಡಿಸಿದರೂ, ಅವರು ಕೊನೆಯ ಗುಂಡಿಯವರೆಗೂ ಹಾಕಿಕೊಂಡೇ ನುಡಿಸುವರು. ಅವರ ಬಲಗಿವಿಗೆ ಅಂಟಿದಂತೆ ವರ್ಷಾನುವರ್ಷ ನಿಂತಿದ್ದದ್ದು ಆಳೆತ್ತರದ ಸ್ಪೀಕರ್ ಪೆಟ್ಟಿಗೆ.

ಆದರೆ ನಮ್ಮಲ್ಲಿ ‘ಪೆಟ್ಟಿಗೆ’ ಎಂದರೆ ಒಂದೇ: ತಂಡದ ಯಜಮಾನರಾದ ಅರಕಲಗೂಡಿನ ಪಂಚಾಕ್ಷರಯ್ಯನವರ ಹಾರ್ಮೋನಿಯಂ. ನಾಟಕ ಕಂಪನಿಯಲ್ಲಿದ್ದಾಗ ಗುರುಗಳು ಕೊಟ್ಟದ್ದು. ಕಾರ್ಯಕ್ರಮಕ್ಕೆ ಮುಂಚೆ ಯಜಮಾನರು ವಿಭೂತಿ ಧರಿಸಿ, ಪೆಟ್ಟಿಗೆಗೆ ಕೈಮುಗಿದು, ಒಂದೇ ಸ್ವರವನ್ನು ಒತ್ತಿ ಹಿಡಿಯುವರು. ಎಲ್ಲ ವಾದ್ಯಗಳೂ ಅದಕ್ಕೆ ಕೂರುವವರೆಗೆ ಯಾರಿಗೂ ಕಾಫಿಯಿಲ್ಲ. ಕೀಬೋರ್ಡ್ ಬಂದಮೇಲೂ ಈ ಶಾಸನ ಬದಲಾಗಲಿಲ್ಲ. ಕೀಬೋರ್ಡಿನ ಸಿದ್ದೇಶನಿಗೆ ಮಾತ್ರ ಒಂದು ಗುಟ್ಟು ತಿಳಿದಿತ್ತು: ಯಜಮಾನರ ಪೆಟ್ಟಿಗೆ ಲೋಕದ ಶ್ರುತಿಗಿಂತ ನೂಲಿನಷ್ಟು ಮೇಲಿದೆ. ಅವನು ಸದ್ದಿಲ್ಲದೆ ಗುಂಡಿಯೊತ್ತಿ ತನ್ನ ಕೀಬೋರ್ಡನ್ನು ಅಷ್ಟೇ ಮೇಲಕ್ಕೆತ್ತಿಕೊಳ್ಳುತ್ತಿದ್ದ. ಯಾಕೆ ಹೇಳಲಿಲ್ಲವೆಂದು ಆಮೇಲೊಮ್ಮೆ ಕೇಳಿದ್ದಕ್ಕೆ, ‘ಇರೀಕ್ರ ಪೆಟ್ಗೆ ತಪ್ಪು ಅನ್ನಾಕಾಯ್ತದಾ ಸಾ’ ಎಂದ.

ಎರಡು ಸಾವಿರದ ಮೂರರಲ್ಲಿ ಯಜಮಾನರು ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಪೆಟ್ಟಿಗೆ ಅರಕಲಗೂಡಿನಲ್ಲಿ ಮಲಗಿತು, ನಾವು ಕೀಬೋರ್ಡಿನ ಆಳ್ವಿಕೆಗೆ ಬಂದೆವು. ಅದೇ ವರ್ಷ ತಿರುನಾರಾಯಣ ಮೇಷ್ಟ್ರು ಬೆಂಗಳೂರಿನಿಂದ ಒಂದು ಪೆಡಲ್ ತಂದರು. ಇಸ್ತ್ರಿಪೆಟ್ಟಿಗೆಯಂಥ ಅದನ್ನು ಕಾಲಿನಿಂದ ಅದುಮಿ ಹಿಡಿದರೆ ಸಭೆಗೆ ಸದ್ದು ಹೋಗದು. ತಂತಿ ಮೀಟಿದರೆ ಅದರ ಹಣೆಯ ಮೇಲೆ ದೀಪಗಳು ಓಡಾಡುವವು. ಎಡಕ್ಕೆ ಕೆಂಪು ಹತ್ತಿದರೆ ಸ್ವರ ಇಳಿದಿದೆ, ಬಲಕ್ಕೆ ಹತ್ತಿದರೆ ಏರಿದೆ, ನಡುವೆ ಹಸಿರು ಬಂದರೆ ಸರಿ. ಮೇಷ್ಟ್ರು ತಂತಿಯನ್ನು ಮೊದಲು ಬೇಕೆಂದೇ ಸಡಿಲಿಸಿ, ಕೆಳಗಿನಿಂದ ಮೆಲ್ಲಗೆ ಏರಿಸಿ ಹಸಿರಿಗೆ ತರುತ್ತಿದ್ದರು; ದಾಟಿತೋ, ಮತ್ತೆ ಸಡಿಲ, ಮತ್ತೆ ಏರಿಕೆ. ‘ಮೇಲಿಂದ ಇಳಿಸಿದ್ರೆ ತಂತಿ ನಿಲ್ಲಲ್ಲ ಕಣಯ್ಯ, ಮತ್ತೆ ಜಾರತ್ತೆ’ ಎನ್ನುವರು. ನಿಖರವೆಂದರೆ ಅದು ನಿಖರ. ದವಡೆಯ ತಪಸ್ಸು ನಿಂತುಹೋಯಿತು. ನಾನು ವೇದಿಕೆಯಿಂದ ‘ವಿದ್ಯುತ್ಪಾದುಕಾ ಪಟ್ಟಾಭಿಷಿಕ್ತ’ ಎಂದು ಹೊಸ ಬಿರುದು ಕೊಟ್ಟೆ. ಅವರು ಗೊಣಗಲಿಲ್ಲ, ನಕ್ಕರು. ಇನ್‌ಸ್ಟಿಟ್ಯೂಟಿನಲ್ಲೂ ಅವರು ಕಿಟಕಿ ಬಿಟ್ಟು ಸಾಲುಗಳ ನಡುವೆ ಓಡಾಡುತ್ತ, ಹುಡುಗಿಯರ ಬೆರಳುಗಳನ್ನೇ ದಿಟ್ಟಿಸುತ್ತಿದ್ದರಂತೆ. ಶಿಸ್ತು ಹೆಚ್ಚಾಯಿತೆಂದು ಪೋಷಕರಿಗೆ ಸಂತೋಷ.

ಯಜಮಾನರು ಊರುಗೋಲಿನೊಂದಿಗೆ, ಪೆಟ್ಟಿಗೆಯೊಂದಿಗೆ, ಮರಳಿ ವೇದಿಕೆ ಏರಿದ್ದು ಚನ್ನರಾಯಪಟ್ಟಣದಲ್ಲಿ, ಕೊಬ್ಬರಿ ಮಂಡಿಯವರೊಬ್ಬರ ಮಗಳ ಮದುವೆಯಲ್ಲಿ, ಮಧ್ಯಾಹ್ನದ ಊಟದ ಹೊತ್ತಿಗೆ. ಹಳೆಯ ಶಾಸನ ಜಾರಿಗೆ ಬಂತು. ಸ್ವರ ಒತ್ತಿ ಹಿಡಿದರು. ಸಿದ್ದೇಶ ಗುಂಡಿಯೊತ್ತಿದ, ತಬಲಾದವನು ಸುತ್ತಿಗೆ ಆಡಿಸಿದ, ಗಾಯಕಿ ಹಂಸ ಕಣ್ಣು ಮುಚ್ಚಿ ದನಿ ಹೊಂದಿಸಿದಳು. ಮೇಷ್ಟ್ರು ಪೆಡಲ್ ಅದುಮಿ, ಆರೂ ತಂತಿಗಳನ್ನು ಹಸಿರಿಗೆ ತಂದು, ‘ಆಯ್ತು’ ಎಂದರು.

ನಾನು ಬಿರುದುಗಳ ಮಳೆಗರೆದೆ. ಹಾಡು ಶುರುವಾಯಿತು.

ಶ್ರುತಿಯೆಂದರೇನೆಂದು ತಿಳಿಯದ, ತಿಳಿಯುವ ಇರಾದೆಯೂ ಇಲ್ಲದ ಮಹನೀಯರು ಹೋಳಿಗೆಯ ಮೇಲಿನ ಕೈ ಹಾಗೇ ನಿಲ್ಲಿಸಿ ತಲೆಯೆತ್ತಿದರು. ಒಂದು ಗಿಟಾರ್ ಉಳಿದೆಲ್ಲ ವಾದ್ಯಗಳ ಕೆಳಗೆ, ಅರೆಮುಳುಗಿದ ಹೆಣದಂತೆ ತೇಲುತ್ತಿತ್ತು. ಮೇಷ್ಟ್ರು ಮಂದಸ್ಮಿತರಾಗಿ, ತಲೆದೂಗುತ್ತ, ಹಂಸಳ ತುಟಿಗಳನ್ನೇ ನೋಡುತ್ತ ನುಡಿಸುತ್ತಿದ್ದರು. ಹಂಸ ನಿಲ್ಲಿಸಿದಳು. ಅವರೂ ನಿಲ್ಲಿಸಿದರು.

‘ಮೇಷ್ಟ್ರೇ, ಪೆಟ್ಗೆಗೆ ಕೂರುಸ್ನಿಲ್ವಾ?’ ಎಂದರು ಯಜಮಾನರು.

ಮೇಷ್ಟ್ರು ಪೆಡಲ್ ಅದುಮಿ ಮೀಟಿ ತೋರಿಸಿದರು. ‘ಹಸಿರಿದೆ ನೋಡಿ.’

‘ದೀಪ ಬುಡಿ ಸಾ. ಪೆಟ್ಗೆ ಕೇಳಿ, ಪೆಟ್ಗೆ’ ಎಂದು ಸಿದ್ದೇಶ ಬೆರಳು ಮಾಡಿದ. ಯಜಮಾನರು ಮತ್ತೆ ಸ್ವರ ಒತ್ತಿದರು. ಮೇಷ್ಟ್ರು ಪೆಟ್ಟಿಗೆಯನ್ನು ನೋಡಿದರು. ನೋಡಿದರು ಅಷ್ಟೆ. ತಿದಿ ಉಬ್ಬಿ ಇಳಿಯುವುದನ್ನು, ಒತ್ತಿದ ಬೆರಳನ್ನು, ಹುಡುಗಿಯರ ಬೆರಳು ನೋಡುವಂತೆಯೇ ನೋಡುತ್ತ ನಿಂತರು. ವೇದಿಕೆಯ ಮೇಲಿದ್ದವರಿಗೆಲ್ಲ ಆ ಕ್ಷಣದಲ್ಲಿ ಅವರ ಕಿವಿಯ ಗುಟ್ಟು ಗೊತ್ತಾಯಿತು. ಆ ಪೆಡಲ್ಲಿನಲ್ಲಿ ಅಳತೆಯನ್ನೇ ತುಸು ಮೇಲಕ್ಕೇರಿಸಿಕೊಳ್ಳುವ ಸೌಕರ್ಯವೂ ಇತ್ತು. ಆದರೆ ಎಷ್ಟು ಏರಿಸಬೇಕೆಂದು ತಿಳಿಯಲು ಪೆಟ್ಟಿಗೆ ಕಿವಿಗೆ ಬೀಳಬೇಕಿತ್ತು.

ಆಗ ಪಂಚಾಕ್ಷರಯ್ಯನವರು, ಗುರುಗಳ ಪೆಟ್ಟಿಗೆಯ ಮೇಲೆ ನೊಣ ಕೂತರೂ ಸಹಿಸದವರು, ಅದರ ಮುಚ್ಚಳ ಹಾಕಿ, ಚಿಲಕ ಸಿಕ್ಕಿಸಿ, ನನ್ನ ಕೈಯಿಂದ ಮೈಕು ಕಸಿದು ತುಂಬಿದ ಛತ್ರಕ್ಕೆ ಹೇಳಿದರು: ‘ಒಂದ್ನಿಮ್ಸ ತಡ್ಕಳಿ. ನನ್ ಪೆಟ್ಗೆ ಕೆಟ್ಟೋಗದೆ. ಮೇಷ್ಟ್ರ ಗಿಟಾರೇ ಸರ್ಯಾಗದೆ. ಎಲ್ರೂ ಅವ್ರಿಗೆ ಕೂರುಸ್ಕತಾರೆ.’

ಸುಳ್ಳೆಂದುಕೊಂಡೇ ಅವರು ಆಡಿದ ಮಾತು ನಿಜವಾಗಿತ್ತೆಂದು ತಿಳಿದಿದ್ದವನು ಸಿದ್ದೇಶನೊಬ್ಬನೇ. ಅವನು ತಲೆ ತಗ್ಗಿಸಿದ. ಆದರೆ ಮೇಷ್ಟ್ರಿಗೆ ಮಾತೆಲ್ಲಿ ಕೇಳಬೇಕು? ಅವರಿಗೆ ಕಂಡದ್ದು ಮುಚ್ಚಿದ ಪೆಟ್ಟಿಗೆ, ಮೈಕು ಕಸಿದ ಯಜಮಾನ, ತಮ್ಮ ಕಡೆ ತಿರುಗಿದ ನೂರಾರು ಮುಖ. ಗಿಟಾರಿನ ವೈರನ್ನು ಕಿತ್ತರು, ಪೆಡಲ್ ಆರಿಹೋಯಿತು. ಕೋಟಿನ ಗುಂಡಿಗಳನ್ನು ಮೇಲಿನಿಂದ ಒಂದೊಂದಾಗಿ ಬಿಚ್ಚಿ, ಮಡಿಸಿ ಕುರ್ಚಿಯ ಮೇಲಿಟ್ಟು, ಎಲೆಗಳ ಸಾಲಿನ ನಡುವೆ ಸಮಹೆಜ್ಜೆಗಳಲ್ಲಿ ನಡೆದು, ಬಾಗಿಲಲ್ಲಿ ಥಟ್ಟನೆ ತಿರುಗಿ ಮರೆಯಾದರು.

ಮಾರನೆಯ ವಾರ ಕೋಟು, ಪೆಡಲ್ ಎರಡನ್ನೂ ಹೊತ್ತು ನಾನು ಹಾಸನದ ಅವರ ಮನೆಗೆ ಹೋದೆ. ಎದುರು ಕೂತು, ತುಟಿಯೋದಲು ಅನುಕೂಲವಾಗುವಂತೆ ನಿಧಾನವಾಗಿ ಹೇಳಿದೆ: ‘ಯಜಮಾನ್ರು ನಿಮ್ಮನ್ನ ತಂಡದಿಂದ ಬಿಡಿಸಲಿಲ್ಲ ಮೇಷ್ಟ್ರೇ. ಪೆಟ್ಟಿಗೆ ಕೆಟ್ಟಿದೆ, ಮೇಷ್ಟ್ರೇ ಸರಿ ಅಂದ್ರು. ಬನ್ನಿ.’

ಅವರು ನನ್ನ ಬಾಯನ್ನೇ ನೋಡುತ್ತಿದ್ದರು. ‘ಆ ಪೆಟ್ಟಿಗೆ ಕೆಡಲ್ಲ ಕಣಯ್ಯ’ ಎಂದರು. ‘ಕೆಟ್ಟಿದ್ರೆ ಎಲ್ರಿಗಿಂತ ಮೊದ್ಲು ನನಗೆ ಗೊತ್ತಾಗ್ತಿತ್ತು.’ ಆಮೇಲೆ ಕೋಟನ್ನು ನನ್ನ ಕಡೆಗೇ ಸರಿಸಿ, ‘ಯಾರು ಬರ್ತಾರೋ ಅವರಿಗೆ ಅಳತೆ ಮಾಡಿಸಿ’ ಎಂದರು.

ಅವರು ಮತ್ತೆ ವೇದಿಕೆ ಹತ್ತಲಿಲ್ಲ. ಸಭೆಯಲ್ಲಿ ಕೆಟ್ಟಿದೆಯೆಂದು ಸಾರಿದ ಮಾತಿಗೆ ಕಟ್ಟುಬಿದ್ದು ಯಜಮಾನರೂ ಆ ಪೆಟ್ಟಿಗೆಯ ಚಿಲಕ ತೆಗೆಯಲಿಲ್ಲ. ಸಿದ್ದೇಶನ ಕೀಬೋರ್ಡು ಗುಂಡಿಯೊತ್ತಿಸಿಕೊಳ್ಳದೆ ಲೋಕದ ಶ್ರುತಿಯಲ್ಲಿ ನುಡಿಯಿತು, ನನ್ನ ಬಿರುದುಗಳಿಗೆ ಗಿರಾಕಿಯಿಲ್ಲದಾಯಿತು. ಇಂಥ ಕೆಲವರನ್ನು ನಾನು ಆಮೇಲೂ ಕಂಡಿದ್ದೇನೆ: ಇನ್ನೊಬ್ಬರು ಹಿಡಿದ ಸ್ವರಕ್ಕೆ ತಮ್ಮನ್ನು ಕೂರಿಸಿಕೊಳ್ಳುವುದೇ ಬಾಳೆಂದು ತಿಳಿದವರು, ಅದರಲ್ಲಿ ಒಂದು ಕೂದಲೆಳೆ ತಪ್ಪಿದರೂ ನಾಚುವವರು. ಎಂದಾದರೊಮ್ಮೆ ಲೋಕವೇ ಅವರಿಗಾಗಿ ತನ್ನ ಶ್ರುತಿಯನ್ನು ಇಳಿಸಿಕೊಳ್ಳಲು ಸಿದ್ಧವಾದರೆ, ಅದನ್ನು ಒಪ್ಪಿಕೊಳ್ಳುವ ವಿದ್ಯೆಯೊಂದು ಮಾತ್ರ ಅವರಿಗೆ ಬರುವುದಿಲ್ಲ.