ರಬ್ಬರ್ ಬಟ್ಟಲು ಕಂಡ ಬ್ಯಾಂಡ್ ಮಾಸ್ಟ್ರು

ನಾನು ಒಂದು ರಬ್ಬರ್ ಬಟ್ಟಲು. ಸಿಂಕಿನಲ್ಲಿ ನೀರು ಕಟ್ಟಿಕೊಂಡಾಗ ಕೋಲಿಗೆ ಸಿಕ್ಕಿಸಿ ಒತ್ತುತ್ತೀರಲ್ಲ, ಅದೇ. ಮೂಗು ಮುಚ್ಚಿಕೊಳ್ಳಬೇಡಿ. ಮೋರಿಯ ವಾಸನೆ ಸೋಪು ಹಾಕಿ ತೊಳೆದರೆ ಹೋಗುತ್ತದೆ. ನಾನು ಹೇಳಹೊರಟಿರುವ ಮನುಷ್ಯ ಜೀವಮಾನವಿಡೀ ಅತ್ತರು ಪೂಸಿಕೊಂಡ, ಏನೂ ಪ್ರಯೋಜನವಾಗಲಿಲ್ಲ.

ಕಾರ್ಖಾನೆಯ ಅಚ್ಚಿನಿಂದ ಬಿಸಿಬಿಸಿಯಾಗಿ ಹೊರಬಿದ್ದು ಬೆಂಗಳೂರು ದಂಡಿನ ಒಂದು ದೊಡ್ಡ ಹೋಟೆಲಿನ ಅಡುಗೆಮನೆ ಸೇರಿದೆ. ಮೀನಿನ ಮುಳ್ಳು, ಚಹಾದ ಗಸಿ, ಅನ್ನದ ಗಂಜಿ, ಎಲ್ಲವನ್ನೂ ಬಿಡಿಸಿದೆ. ಒಂದು ದಿನ ಉದ್ದ ಬೆರಳಿನವನೊಬ್ಬ ಬಂದು ನನ್ನ ಕೋಲು ಕಿತ್ತು, ಉಜ್ಜಿ ಉಜ್ಜಿ ತೊಳೆದ. ಅಡುಗೆಯವನು ಕೂಗಿದ, "ಅಯ್ಯೋ ಸಾರ್, ಅದು ಸಿಂಕಿಗೆ ಹಾಕೋದು! ಬಾಯ್ ಹತ್ರ ತಗೊಂಡೋಗ್ಬ್ಯಾಡಿ!"

ಬಂದವನು ಬೇಸಿಲ್ ತಾವ್ರೊ. ಅದೇ ಹೋಟೆಲಿನ ನೃತ್ಯದ ಹಾಲಿನಲ್ಲಿ ನುಡಿಸುತ್ತಿದ್ದ ಜಾಝ್ ಬ್ಯಾಂಡಿನಲ್ಲಿ ಅವನದು ಟ್ರಂಪೆಟ್. ಅದರ ಬಾಯಿಗೆ ನನ್ನನ್ನು ಅಡ್ಡ ಹಿಡಿದು ತೆರೆದು ಮುಚ್ಚಿ ಮಾಡಿದರೆ ಹಿತ್ತಾಳೆಗೆ ಮಾತು ಬರುತ್ತದೆ. ಬೇಸಿಲ್ ಮಂಗಳೂರಿನ ದಕ್ಕೆಯ, ಅಂದರೆ ಮೀನಿನ ದೋಣಿಗಳು ಬಂದು ನಿಲ್ಲುವ ಕಟ್ಟೆಯ, ಪಕ್ಕ ಹುಟ್ಟಿ ಬೆಳೆದವನು. ಆದ್ದರಿಂದ ಅವನ ಟ್ರಂಪೆಟ್ಟು ದಕ್ಕೆಯ ಮೀನು ಮಾರುವ ಹೆಂಗಸಿನ ಹಾಗೆ ಮಾತಾಡಿತು. ದರ ಹೇಳಿತು, ಗಿರಾಕಿಯನ್ನು ಮೂದಲಿಸಿತು, ಹೋದವನನ್ನು ಮತ್ತೆ ಕರೆಯಿತು. ನರ್ತಿಸುತ್ತಿದ್ದವರು ಕಾಲು ನಿಲ್ಲಿಸಿ ನಕ್ಕರು. ನನಗೆ ಅಂದು ಆದ ಸಂತೋಷ ಮತ್ತೆಂದೂ ಆಗಿಲ್ಲ.

ಆ ಬ್ಯಾಂಡಿನ ಯಜಮಾನ ಸಿಪ್ರಿಯನ್ ಲಸ್ರಾದೊ. ಊರಿನ ಇಗರ್ಜಿಯಲ್ಲಿ ಆರ್ಗನ್ ನುಡಿಸುತ್ತಿದ್ದವನು ಬೆಂಗಳೂರಿಗೆ ಬಂದು ಪಿಯಾನೋದ ಮುಂದೆ ಕೂತ, ಹತ್ತಾರು ವಾದಕರನ್ನು ಕಟ್ಟಿಕೊಂಡ, ಎಲ್ಲರ ಬಾಯಲ್ಲೂ 'ಮಾಸ್ಟ್ರು' ಆದ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಈತ ಮಟಮಟ ಮಧ್ಯಾಹ್ನದ ರಿಹರ್ಸಲಿಗೂ ಬಿಳಿ ಕೋಟು ಹಾಕಿ ಬರುತ್ತಿದ್ದ. ಯಾರಾದರೂ ಹೊಸದೇನನ್ನಾದರೂ ನುಡಿಸಿದರೆ ಕಿವಿ ನೆಟ್ಟಗಾಗುತ್ತಿತ್ತು. ಮಾರನೆಯ ದಿನ ಅದು ಅವನ 'ರಚನೆ'ಯೊಳಗೆ ಇರುತ್ತಿತ್ತು.

ಬೇಸಿಲನ ಮೀನಿನ ಹೆಂಗಸೂ ಹಾಗೆಯೇ ಹೋದಳು. ಅವಳ ಹಿಂದೆ ಮುಂದೆ ಸ್ಯಾಕ್ಸೊಫೋನುಗಳನ್ನು ಕೂರಿಸಿ, ಅಡಿಯಲ್ಲಿ ಪಿಯಾನೋ ಹಾಸಿ, 'ದಕ್ಕೆ' ಎಂದು ಹೆಸರಿಟ್ಟ. ಅನ್ಯಾಯ ಹೇಳಬಾರದು, ಕಟ್ಟಿದ್ದು ಚೆನ್ನಾಗಿಯೇ ಕಟ್ಟಿದ್ದ. ದೋಣಿ ಬರುವುದು, ಕಾಗೆ ಮುತ್ತುವುದು, ಎಲ್ಲ ಕೇಳಿಸುತ್ತಿತ್ತು. ಆದರೆ ಅಷ್ಟೆಲ್ಲ ಬಂದು ಮುತ್ತುತ್ತಿದ್ದದ್ದು ಆ ಹೆಂಗಸಿನ ಬುಟ್ಟಿಗೆ ತಾನೆ?

ಜಾಝ್ ಮಂದಿಯಲ್ಲಿ ಒಂದು ಮರ್ಯಾದೆ ಇದೆ. ಒಬ್ಬ ವಾದಕ ಎದ್ದು ನಿಂತು ತನ್ನ ಸರದಿಯನ್ನು ನುಡಿಸಿ ಮುಗಿಸಿದ ಕೂಡಲೇ ಯಜಮಾನ ಮೈಕಿನಲ್ಲಿ ಅವನ ಹೆಸರು ಕೂಗಬೇಕು, ಜನ ಚಪ್ಪಾಳೆ ತಟ್ಟಬೇಕು. ಲಸ್ರಾದೊ ಮಾತ್ರ ಪಿಯಾನೋದಿಂದ ಎದ್ದು ತಾನೇ ಬಗ್ಗಿ ನಮಸ್ಕರಿಸುತ್ತಿದ್ದ.

'ದಕ್ಕೆ'ಯ ರೆಕಾರ್ಡು ತೆಗೆಯಲು ಕಂಪನಿಯವರು ಬರುತ್ತಾರೆಂದಾಗ ಬೇಸಿಲ್ ಬಾಯಿಬಿಟ್ಟು ಕೇಳಿದ, "ಮಾಸ್ಟ್ರೇ, ನನ್ನ ಹೆಸರೊಂದು ಹಾಕಿಸಿ. ಬೇರೆ ಎಂತ ಬೇಡ."

"ಬ್ಯಾಂಡಿಗೆ ಒಂದೇ ಹೆಸರು ಇರುದು ಮಾರಾಯಾ."

"ಹಾಗಾದ್ರೆ ಊದ್ಲಿಕ್ಕೂ ನೀವೇ ಊದಿ," ಎಂದು ಬೇಸಿಲ್ ನನ್ನನ್ನು ಪಿಯಾನೋದ ಮೇಲೆ ಇಟ್ಟು ಹೋದ. ನಾನು ಲಸ್ರಾದೊನ ಕೈಗೆ ಸಿಕ್ಕಿದ್ದು ಹೀಗೆ.

ರೆಕಾರ್ಡಿಂಗಿಗೆ ಹೊಸ ಟ್ರಂಪೆಟಿನವನು ಬಂದ. ಹಾಳೆ ನೋಡಿ ತಬ್ಬಿಬ್ಬಾದ. "ಸಾರ್, ಇಲ್ಲಿ ಸ್ವರವೇ ಇಲ್ಲ. ಬೇಸಿಲ್ ಅಂತ ಹೆಸರು ಮಾತ್ರ ಉಂಟು."

ಲಸ್ರಾದೊ ಟ್ರಂಪೆಟ್ಟಿಗೆ ಬರೆದಿರಲಿಲ್ಲ, ಬೇಸಿಲನಿಗೆ ಬರೆದಿದ್ದ; ಆ ಜಾಗದಲ್ಲಿ ಅವನು ತನ್ನ ಮನಸ್ಸಿಗೆ ಬಂದಂತೆ ಊದುತ್ತಿದ್ದ. ಬಾಯಲ್ಲಿ ಹೇಳಲಾಗದ ಹೆಸರನ್ನು ಕೈ ಬರೆದುಬಿಟ್ಟಿತ್ತು! ಮುಖ ಕೆಂಪಗೆ ಮಾಡಿಕೊಂಡು ಅದನ್ನು ಹೊಡೆದುಹಾಕಿ, ನೆನಪಾದಷ್ಟು ಸ್ವರ ಗೀಚಿ ಕೊಟ್ಟ. ಹೊಸಬ ಒಂದು ಸ್ವರವನ್ನೂ ತಪ್ಪಿಸಲಿಲ್ಲ. ಆದರೂ ನನ್ನ ಹಿಂದಿನಿಂದ ಹೊರಟ ದನಿ ಕಾರಿನಿಂದ ಇಳಿಯದೆ ಮೀನಿನ ದರ ಕೇಳುವ ಮೇಡಮ್ಮನದಾಗಿತ್ತು. ಕುಣಿಯಲಾರದವನಿಗೆ ನೆಲ ಡೊಂಕು. ಲಸ್ರಾದೊ ಮೈಕು ಸರಿಯಿಲ್ಲ ಎಂದ.

ಜನಕ್ಕೆ ಅಷ್ಟೇ ಸಾಕಾಯಿತು. ರೆಕಾರ್ಡು ಹೆಸರು ಮಾಡಿತು. ಲಸ್ರಾದೊ ಮದರಾಸಿಗೆ ಹೋಗಿ ಸಿನಿಮಾಗಳಿಗೆ ನುಡಿಸಿದ, ಹೋಟೆಲುಗಳಲ್ಲಿ ಬ್ಯಾಂಡಿನ ಕಾಲ ಮುಗಿದಾಗ ಮಂಗಳೂರಿಗೆ ಬಂದು ಸಂಗೀತ ಶಾಲೆ ತೆರೆದ. ನಾನು ಅಲ್ಲಿ ಗಾಜಿನ ಕಪಾಟಿನಲ್ಲಿದ್ದೆ. ಬಂದವರಿಗೆಲ್ಲ ನನ್ನನ್ನು ತೋರಿಸಿ "ಇದು ನನ್ನ ಐಡಿಯಾ" ಎನ್ನುತ್ತಿದ್ದ. ಪಿಯಾನೋದವನಿಗೆ ರಬ್ಬರ್ ಬಟ್ಟಲು ಯಾಕೆ ಎಂದು ಒಬ್ಬನೂ ಕೇಳಲಿಲ್ಲ, ಬಂದವರ ಬುದ್ಧಿಯೂ ಅಷ್ಟೇ. ಬೇಸಿಲ್ ಮದುವೆಗಳಲ್ಲಿ, ಶವಯಾತ್ರೆಗಳಲ್ಲಿ ಊದಿ ಊದಿ ಎದೆ ಕೆಟ್ಟು ಸತ್ತನೆಂದು ಅಲ್ಲಿಯೇ ಕೇಳಿದೆ. ಲಸ್ರಾದೊ "ಪಾಪ" ಎಂದು ಚಹಾ ಕುಡಿದ.

ಅವನಿಗೆ ಎಂಬತ್ತು ತುಂಬಿದಾಗ ಇಗರ್ಜಿಯ ಹಾಲಿನಲ್ಲಿ ಸನ್ಮಾನ ನಡೆಯಿತು. ನನ್ನನ್ನು ವೇದಿಕೆಯ ಮೇಜಿನ ಮೇಲೆ ಕೆಂಪು ಬಟ್ಟೆ ಹಾಸಿ ಇಟ್ಟರು. ಮುಂದಿನ ಸಾಲಿನಲ್ಲಿ ಬೇಸಿಲನ ಹೆಂಡತಿ ಸೆವ್ರಿನಾ ಕೂತಿದ್ದಳು. ಪಕ್ಕದವಳಿಗೆ ಹೇಳುತ್ತಿದ್ದಳು, "ಇವತ್ತಾದ್ರೂ ಅವ್ರ ಹೆಸ್ರು ಹೇಳ್ತಾರಾ ಅಂತ ಬಂದದ್ದು. 'ದಕ್ಕೆ'ಯ ಟ್ರಂಪೆಟ್ ಅಜ್ಜನದ್ದು ಅಂದ್ರೆ ಮೊಮ್ಮಕ್ಕಳು ನಂಬುದಿಲ್ಲ."

ಲಸ್ರಾದೊ ಮಾತಾಡಿದ. ಬಿಷಪ್ಪರನ್ನು ನೆನೆದ, ಹೋಟೆಲಿನ ಮಾಲೀಕನನ್ನು ನೆನೆದ, ಬಿಳಿ ಕೋಟು ಹೊಲಿದ ದರ್ಜಿಯನ್ನೂ ನೆನೆದ. ಆ ಒಂದು ಹೆಸರು ಮಾತ್ರ ಗಂಟಲಲ್ಲೇ ಕಟ್ಟಿಕೊಂಡಿತ್ತು. ಎಂಥೆಂಥ ಮೋರಿ ಬಿಡಿಸಿದ ನನ್ನಿಂದಲೂ ಅದು ಆಗದ ಕೆಲಸ. ಕೊನೆಗೆ ಶಾಲು ಸರಿಪಡಿಸಿಕೊಂಡು ಕೂತುಬಿಟ್ಟ.

ಸೆವ್ರಿನಾ ಮೆಟ್ಟಿಲು ಹತ್ತಿ ಬಂದು ನನ್ನನ್ನು ಎತ್ತಿಕೊಂಡಳು. "ಮಾಸ್ಟ್ರೇ, ಇದು ಯಾರದ್ದು?"

ಮೈಕನ್ನು ಇನ್ನೂ ಆರಿಸಿರಲಿಲ್ಲ. ಹಾಲಿನಲ್ಲಿದ್ದವರಿಗೆಲ್ಲ ಕೇಳಿಸುತ್ತಿತ್ತು.

"ಬ್ಯಾಂಡಿನದ್ದು," ಎಂದ ಲಸ್ರಾದೊ.

"ಬ್ಯಾಂಡಿಗೆ ಬಾಯಿ ಇರ್ಲಿಲ್ಲ. ಊದಿದ್ದು ಯಾರು?"

ಅವನು ಅವಳನ್ನು ನೋಡಲಿಲ್ಲ. ಸಂಘಟಕರ ಕಡೆ ತಿರುಗಿ, "ಊಟಕ್ಕೆ ತಡ ಆಗ್ತದಲ್ಲ?" ಎಂದ. ಕುರ್ಚಿಗಳು ಸರಿದವು, ಜನ ಬಿರಿಯಾನಿಯ ಕಡೆ ನಡೆದರು. ಸೆವ್ರಿನಾ ನನ್ನನ್ನು ಚೀಲಕ್ಕೆ ಹಾಕಿಕೊಂಡು ಊಟ ಮಾಡದೆ ಹೊರಟಳು.

ಮರುವರ್ಷ ಲಸ್ರಾದೊ ಸತ್ತ. ಪತ್ರಿಕೆಗಳು 'ದಕ್ಕೆಯ ಜನಕ' ಎಂದು ಬರೆದವು. ನಾನು ಈಗ ಸೆವ್ರಿನಾಳ ಮನೆಯ ಕಿಟಕಿಯಲ್ಲಿದ್ದೇನೆ. ಅಂಚು ಒಡೆದಿದೆ, ಮೈ ಗಟ್ಟಿಯಾಗಿದೆ. ಕೆಲವು ಸಂಜೆ ಅವಳು ಟೇಪಿನಲ್ಲಿ 'ದಕ್ಕೆ' ಹಾಕುತ್ತಾಳೆ. ಟ್ರಂಪೆಟಿನ ಜಾಗ ಬಂದೊಡನೆ ಟೇಪು ನಿಲ್ಲಿಸಿ, ನನ್ನನ್ನು ಬಾಯಿಗೆ ಅಡ್ಡ ಹಿಡಿದು ತಾನೇ ಹಾಡುತ್ತಾಳೆ. ಶ್ರುತಿ ಎಲ್ಲೆಲ್ಲಿಗೋ ಹೋಗುತ್ತದೆ, ದರ ಮಾತ್ರ ಇಳಿಯುವುದಿಲ್ಲ. ಮುಗಿದ ಮೇಲೆ ನನ್ನನ್ನು ಮಡಿಲಲ್ಲಿಟ್ಟು, ಎದುರಿಗೆ ಹಾಲ್ ತುಂಬ ಜನ ಕೂತಿರುವಂತೆ ಗಟ್ಟಿಯಾಗಿ ಕೂಗುತ್ತಾಳೆ: "ಟ್ರಂಪೆಟಿನಲ್ಲಿ, ಬೇಸಿಲ್ ತಾವ್ರೊ!" ಆಮೇಲೆ ತಾನೇ ಚಪ್ಪಾಳೆ ತಟ್ಟುತ್ತಾಳೆ.

ಅಷ್ಟು ಹೇಳಲು ಆ ಮುದುಕಿಗೆ ಒಂದು ಉಸಿರು ಸಾಕು. ಆ ಒಂದು ಉಸಿರನ್ನು ಖರ್ಚು ಮಾಡದೆ ಲಸ್ರಾದೊ ಸಾಯುವ ತನಕ ಉಳಿಸಿಕೊಂಡ.