ಎಣ್ಣೆ ಹತ್ತಿದ ಜೀವ

"ಏ ಮುದುಕಿ, ಆಮಿಗಿ ಪಾಲಿಶ್ ಹೊಡಿ ಅಂತ ಯಾವ ಭಾಡ್ಯಾ ಹೇಳ್ಯಾನ ನಿನಗ?"

ಗುರುಲಿಂಗಯ್ಯನ ಅಬ್ಬರಕ್ಕೆ ಟಬ್ಬಿನೊಳಗಿನ ಬಾತುಗಳೂ ಕತ್ತೆತ್ತಿ ನೋಡಿದವು. ಅನಸುಬಾಯಿ ಮಾತ್ರ ನೋಡಲಿಲ್ಲ. ಎರಡು ಮೊಣಕಾಲುಗಳ ನಡುವೆ ಆಮೆಯನ್ನು ಅಮುಕಿ ಹಿಡಿದು, ಪಾಲಿಶ್ ಕಲ್ಲಿನ ತುಂಡಿನಿಂದ ಅದರ ಬೆನ್ನು ತಿಕ್ಕುತ್ತಲೇ ಇದ್ದಳು. ಹಲ್ಲು ಉದುರುವ ತನಕ ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಪರಸಿ ಕಲ್ಲು ತಿಕ್ಕಿದ ಕೈ ಅದು. ಗಟ್ಟಿಯಾದದ್ದು ಏನು ಸಿಕ್ಕರೂ ಹೊಳಪು ಬರುವವರೆಗೆ ಬಿಡುತ್ತಿರಲಿಲ್ಲ.

"ಎಣ್ಣಿ ತೆಗಿ ಅಂದ್ರಿ, ತೆಗದೀನಿ. ಹೊಳಪು ಬಂದ್ರ ನನ್ನ ತಪ್ಪೇನ್ರಿ ಅಯ್ಯನೋರ?"

"ನಿನ್ನ ಹೆಣಾ ಎತ್ಲಿ! ಜೀವ ಅದ ಅದರಾಗ!"

"ಅದಕ್ಕೇ ಮೆಲ್ಲಕ ತಿಕ್ಕಾಕತ್ತೀನಿ. ಪರಸಿ ಆಗಿದ್ರ ಇಷ್ಟೊತ್ತಿಗಿ ನಾಕು ಮುಗಸ್ತಿದ್ದೆ."

ಸುತ್ತ ಕೂತು ಬಾತು ತೊಳೆಯುತ್ತಿದ್ದ ಹೆಂಗಸರು ಬಾಯಿಗೆ ಸೆರಗು ತುರುಕಿಕೊಂಡು ನಕ್ಕರು. ಆಮೆಯ ಬೆನ್ನು ಸೌಕಾರರ ಪಡಸಾಲೆಯ ನೆಲದ ಹಾಗೆ ಹೊಳೆಯುತ್ತಿತ್ತು. ಗುರುಲಿಂಗಯ್ಯ ಬಗ್ಗಿದರೆ ಅವನ ವಿಭೂತಿಯೂ ಅದರಲ್ಲಿ ಕಾಣುತ್ತಿತ್ತು.

ಮಳೆಗಾಲದ ಕೊನೆಗೆ ಮೇಲಿನ ಕಾರ್ಖಾನೆಯ ಎಣ್ಣೆ ಟಾಕಿ ಒಡೆದು, ಡಾಂಬರಿನಂಥ ಕರಿ ಎಣ್ಣೆ ಹಳ್ಳ ಹಿಡಿದು ಕಾಗಿಣಾ ಹೊಳೆಗೆ ಇಳಿದಿತ್ತು. ಜೊಂಡು, ಬಾತು, ಬೆಳ್ಳಕ್ಕಿ, ಆಮೆ, ಎಲ್ಲಕ್ಕೂ ಒಂದೇ ಬಣ್ಣ. ದಂಡೆ ಮೊದಲು ಹೇಗಿತ್ತೋ ಹಾಗೆ ಮಾಡಿಕೊಡಿ ಎಂದು ಕೋರ್ಟು ಕಾರ್ಖಾನೆಗೆ ಹೇಳಿತು. ಕಾರ್ಖಾನೆ ಗುತ್ತೇದಾರ ಗುರುಲಿಂಗಯ್ಯನಿಗೆ ಹೇಳಿತು. ಗುರುಲಿಂಗಯ್ಯ ಕೇರಿಯ ಹೆಂಗಸರಿಗೆ ಹೇಳಿದ. ಹೇಳುವುದು ಅಲ್ಲಿಗೆ ನಿಂತಿತು. ಕೇರಿಯ ಹೆಂಗಸರ ಕೆಳಗೆ ಹೇಳಿಸಿಕೊಳ್ಳುವವರು ಯಾರೂ ಇರಲಿಲ್ಲ, ಆಮೆಯೊಂದನ್ನು ಬಿಟ್ಟರೆ.

ಹೊಳೆ ದಂಡೆಗೆ ನೀಲಿ ತಾಡಪತ್ರಿಯ ಡೇರೆ ಎದ್ದಿತು. ಕಲಬುರಗಿಯಿಂದ ಹಕ್ಕಿ ಡಾಕ್ಟರು ಭಾಗ್ಯಶ್ರೀ ಮೇಡಂ ಬಂದರು. ಕೇರಿ ಆ ಡೇರೆಗೆ ಹಕ್ಕಿ ದವಾಖಾನಿ ಎಂದು ಹೆಸರಿಟ್ಟಿತು.

ಅನಸುಬಾಯಿಯ ಸೊಸೆ ಜಗದೇವಿ ಇಲ್ಲಿಗೆ ಬಂದದ್ದು ಕೂಲಿಗಿಂತ ಹೆಚ್ಚು ತನ್ನ ವರತಿಗಾಗಿ. ಊರಿನವರಿಗೆ ಮೇಲುಗಡೆ ಮೆಟ್ಟಿಲು ಕಟ್ಟಿದ ಘಾಟು ಇತ್ತು. ಕೇರಿಯ ಕೊಡ ಅಲ್ಲಿ ಇಳಿಯುವಂತಿಲ್ಲ. ಹಾಗಂತ ಯಾರೂ ಬರೆದು ಹಚ್ಚಿರಲಿಲ್ಲ, ಹಚ್ಚುವ ಗರಜೂ ಬಿದ್ದಿರಲಿಲ್ಲ. ಕೇರಿಯ ಪಾಲಿಗೆ ಇದ್ದದ್ದು ಕೆಳಗಿನ ಉಸುಕು. ಅಲ್ಲಿ ಮೊಳದಷ್ಟು ತೋಡಿದರೆ ತಿಳಿನೀರು ಜಿನುಗುವ ಗುಂಡಿಗೇ ವರತಿ ಎನ್ನುತ್ತಿದ್ದರು. ಕೇರಿಗೆ ಬಂದ ಹೊಸ ಸೊಸೆ ಮೊದಲ ಬೇಸಿಗೆಯಲ್ಲಿ ಬರಿಗೈಯಿಂದ ತನ್ನ ವರತಿ ತೋಡಬೇಕು. ನೀರು ಕಂಡಿತೋ, ಅತ್ತೆ ಅದರ ಅಂಚಿಗೆ ಅರಿಶಿನ ಬಳಿದ ಕಲ್ಲೊಂದನ್ನು ಇಡುತ್ತಾಳೆ. ಆಮೇಲೆ ಹೊಳೆ ಬಂದು ಮುಚ್ಚಿಕೊಂಡು ಹೋದರೂ ಆ ಜಾಗ ಅವಳದೇ. ಚಿಂಚೋಳಿ ಕಡೆಯಿಂದ ಬಂದ ಜಗದೇವಿ ಉಗುರು ಕಿತ್ತುಹೋಗುವ ಹಾಗೆ ತೋಡಿದ್ದಳು. ಗಂಡ ಕಲ್ಲು ಗಣಿಯಲ್ಲಿ ಸತ್ತ ಮೇಲೆ ಮನೆ ಮೈದುನನ ಹೆಸರಿಗೆ ಹೋಯಿತು. ವರತಿ ಹೋಗಲಿಲ್ಲ. ಈ ಭೂಮಿಯ ಮೇಲೆ ಅವಳ ಹೆಸರಿಗೆ ಇದ್ದದ್ದು ಅದೊಂದೇ.

ಈಗ ಅದರ ಮೇಲೆ ಗೇಣು ದಪ್ಪ ಎಣ್ಣೆ ಕೂತಿತ್ತು. ಕೇರಿಗೆ ನೀರಿನ ಟ್ಯಾಂಕರ್ ಬರುತ್ತಿತ್ತು, ಅದಕ್ಕೆ ಮನಸ್ಸು ಬಂದಾಗ.

ಹಕ್ಕಿಗಳಿಗೆ ಮಾತ್ರ ಚಿತ್ತಾಪುರದಿಂದ ಫಿಲ್ಟರ್ ನೀರಿನ ಕ್ಯಾನುಗಳು ತಪ್ಪದೆ ಬರುತ್ತಿದ್ದವು. ಆ ನೀರನ್ನು ಉಗುರುಬೆಚ್ಚಗೆ ಕಾಯಿಸಿ, ಭಾಂಡೆ ತಿಕ್ಕುವ ಸೋಪು ಬೆರೆಸಿ, ಹಲ್ಲುಜ್ಜುವ ಬ್ರಷ್ಷಿನಿಂದ ಒಂದೊಂದೇ ಗರಿ ಬಿಡಿಸಿ ತೊಳೆಯಬೇಕು.

"ನನ್ನ ಬಾಣಂತನದಾಗೂ ನನಗ ಯಾರೂ ಹಿಂಗ ಎರದಿಲ್ಲ" ಎಂದಳು ಶಹರಬಾನು, ಬಾತಿನ ಕಂಕುಳು ತಿಕ್ಕುತ್ತ. ಜಗದೇವಿ ಸೊಸೆಯಾಗಿ ಬಂದಾಗಿನಿಂದ ಅವಳ ಜೊತೆಗೇ ಕಲ್ಲು ಹೊತ್ತ ಗೆಳತಿ. "ನಮ್ಮಾಗ ಮುಂದಿನ ಜನ್ಮ ಇಲ್ಲ. ಇದ್ದಿದ್ರ ಅಲ್ಲಾಗ ಇದೊಂದೇ ಕೇಳ್ತಿದ್ದೆ. ಬಾತು ಮಾಡು, ಆಮ್ಯಾಲ ಮೈಮ್ಯಾಲ ಎಣ್ಣಿ ಚೆಲ್ಲು ಅಂತ."

"ಬಾತು ಆದ್ರೂ ನಮ್ಮ ಕೇರಿ ಬಾತೇ ಆಗ್ತಿದ್ದಿ. ತೊಳಿಯವ್ರು ಸಿಗ್ತಿರಲಿಲ್ಲ" ಎಂದಳು ಜಗದೇವಿ.

ಬಿಸಿಲು ನೆತ್ತಿಗೆ ಏರಿದಾಗ ಅವಳ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ಎದ್ದು ಹೋಗಿ ಕ್ಯಾನಿನಿಂದ ಒಂದು ಗ್ಲಾಸು ನೀರು ಬಗ್ಗಿಸಿ ಕುಡಿದಳು. ಗ್ಲಾಸು ಕೆಳಗಿಡುವಷ್ಟರಲ್ಲಿ ಗುರುಲಿಂಗಯ್ಯ ಬಂದ. ಕ್ಯಾನಿನ ತಳಕ್ಕೆ ಚಪ್ಪಲಿಗಾಲು ಹಚ್ಚಿ ದೂಡಿದ. ನೀರು ಗುಳುಗುಳು ಎಂದು ಹರಿಯಿತು.

"ಅದು ಹಕ್ಕಿ ನೀರು."

"ಒಂದು ಗಿಲಾಸ ಕುಡದೀನ್ರಿ."

"ನೀ ಮುಟ್ಟಿದ್ದು ಹಕ್ಕಿಗಿ ಹಾಕಿದ್ರ ಇನ್ಫೆಕ್ಷನ್ ಆಗ್ತದ."

ಹೆಂಗಸರೆಲ್ಲ ಆ ನೀರು ನೆಲಕ್ಕೆ ಇಂಗುವುದನ್ನೇ ನೋಡುತ್ತ ಕೂತರು. ಕೊನೆಗೆ ಅನಸುಬಾಯಿ ನಿಟ್ಟುಸಿರು ಬಿಟ್ಟಳು.

"ನಮ್ಮ ಕಾಲದಾಗ ಮೈಲಿಗಿ ಅಂತಿದ್ರವ್ವ. ಈಗ ಅಯ್ಯನೋರು ಇಂಗ್ಲೀಷ್ ಕಲ್ತಾರ."

ಜಗದೇವಿ ಸಲಿಕೆ ಎತ್ತಿಕೊಂಡು ಉಸುಕಿಗೆ ಇಳಿದಳು. ಕೆರೆದ ಎಣ್ಣೆಯನ್ನು ಪುಟ್ಟಿಯಲ್ಲಿ ಹೊತ್ತು ಡೇರೆಯ ಹಿಂದಿನ ಡ್ರಮ್ಮಿಗೆ ಸುರಿಯುವುದು, ಮತ್ತೆ ಕೆರೆಯುವುದು. ಹೀಗೆ ಕೆರೆಯುತ್ತ ಕೆರೆಯುತ್ತ ಒಂದು ದಿನ ಬಿಳಿ ಉಸುಕು ಕಂಡಿತು. ಅಂಗೈ ಒತ್ತಿದಳು. ತಣ್ಣಗಿತ್ತು. ಎಣ್ಣೆಯ ಪದರದೊಳಗಿಂದ ಅರಿಶಿನ ಹೋದ ಕಲ್ಲೂ ಸಿಕ್ಕಿತು. ಅವಳು ಅದನ್ನು ಸೆರಗಿನಿಂದ ಒರೆಸಿ ಇದ್ದ ಜಾಗದಲ್ಲೇ ಇಟ್ಟು, ನಾಳೆ ತೋಡೋಣ ಎಂದು ಮನೆಗೆ ಹೋದಳು.

ಮರುದಿನ ಬಂದು ನೋಡಿದರೆ ಉಸುಕಿನ ಸುತ್ತ ಕಬ್ಬಿಣದ ಕಂಬ ನಿಂತಿದ್ದವು. ಜಾಳಿಗೆ ತಂತಿ ಬಿಗಿಯುತ್ತಿದ್ದರು. ಗೇಟಿಗೆ ಹೊಸ ಬೋರ್ಡು ಬಂದಿತ್ತು: ಪಕ್ಷಿಗಳ ತಾಣ. ಮನುಷ್ಯರಿಗೆ ಪ್ರವೇಶವಿಲ್ಲ.

"ಮೇಡಂ, ನನ್ನ ವರತಿ ಒಳಗ ಅದ" ಎಂದಳು ಜಗದೇವಿ.

ಭಾಗ್ಯಶ್ರೀ ಒಳ್ಳೆಯ ಹೆಣ್ಣುಮಗಳು. ಕೈಗವಸು ಬಿಚ್ಚದೆಯೇ ಅವಳ ಭುಜ ತಟ್ಟಿದಳು. "ಹಂಗಲ್ಲ ಜಗದೇವಿ. ಹಕ್ಕಿ ತತ್ತಿ ಇಡಬೇಕಂದ್ರ ಮನುಷ್ಯರ ಸುಳಿವು ಇರಬಾರ್ದು. ಇಷ್ಟು ಚಂದ ದಂಡಿ ನೀವೇ ಮಾಡೀರಿ. ನಿಮಗ ಹೆಮ್ಮಿ ಅಲ್ಲೇನು?"

"ಹೆಮ್ಮಿ ಕೊಡದಾಗ ತುಂಬಂಗಿಲ್ರಿ ಮೇಡಂ. ಮತ್ತ ಅಯ್ಯನೋರ ಮೋಟರ್ ಪೈಪ್ ಒಳಗೇ ಅದಲ್ರಿ? ಕಬ್ಬಿಗಿ ನೀರು ಬಿಡ್ತದ, ದಿನಾ ಡಗಡಗ ಅಂತದ. ಅದಕ್ಕ ಹಕ್ಕಿ ಅಂಜಂಗಿಲ್ಲೇನ್ರಿ?"

ಭಾಗ್ಯಶ್ರೀ ಗುರುಲಿಂಗಯ್ಯನ ಮುಖ ನೋಡಿದಳು. ಗುರುಲಿಂಗಯ್ಯ ಬೋರ್ಡು ತೋರಿಸಿದ.

"ಓದಾಕ ಬರ್ತದೇನ್ ರಂಡಿ? ಮನುಷ್ಯರಿಗಿ ಅಂತದ. ಪೈಪ್ ಮನುಷ್ಯ ಅಲ್ಲ."

"ನೋಡ್ರೇ" ಎಂದಳು ಶಹರಬಾನು ಹಿಂದಿನಿಂದ, "ನಾವು ಮನುಷ್ಯರು ಅಂತ ಅಯ್ಯನೋರು ಬೋರ್ಡ್ ಬರಸಿ ಒಪ್ಯಾರ. ಸಕ್ರಿ ಹಂಚ್ರಿ."

ಯಾರೂ ನಗಲಿಲ್ಲ. ಜಗದೇವಿ ತಂತಿಯ ಆಚೆ ತನ್ನ ಕಲ್ಲನ್ನು ನೋಡುತ್ತಿದ್ದಳು.

"ಹಂಗಾರ ಒಳಗ ಯಾರನ್ನ ಬಿಡ್ತೀರಿ ಮೇಡಂ?"

"ಎಣ್ಣಿ ಹತ್ತಿದ ಜೀವಗಳನ್ನ. ತೊಳದು, ಗುರ್ತಿಗಿ ಕಾಲಿಗಿ ಕಡಗ ಹಾಕಿ ನೀರಿಗಿ ಬಿಡೋದು. ಎಣ್ಣಿ ಹತ್ತಿ ಬಂದದ್ದು ಯಾವ ಜೀವ ಇದ್ರೂ ಹೊರಗ ಹಾಕಂಗಿಲ್ಲ. ಕೋರ್ಟ್ ಆರ್ಡರೇ ಅದ."

"ಯಾವ ಜೀವ ಇದ್ರೂ?"

"ಯಾವ ಜೀವ ಇದ್ರೂ."

ಹಕ್ಕಿ ಬಿಡುವ ದಿನ ಪೆಂಡಾಲು ಹಾಕಿದರು. ಕಾರ್ಖಾನೆಯ ದೊಡ್ಡ ಸಾಹೇಬರು ಬಿಳಿ ಪ್ಯಾಂಟು ಹಾಕಿಕೊಂಡು ಬಂದರು, ಟಿವಿಯವರು ಕ್ಯಾಮರಾ ತಂದರು. ಗುರುಲಿಂಗಯ್ಯ ಇಸ್ತ್ರಿ ಮಾಡಿದ ಧೋತರದಲ್ಲಿ ಕಾರಿನ ಬಾಗಿಲಿಗೂ ಕುರ್ಚಿಗೂ ಓಡಾಡಿದ. ಕೂಲಿ ಹೆಂಗಸರನ್ನು ಡೇರೆಯ ಹಿಂದೆ, ಎಣ್ಣೆ ಡ್ರಮ್ಮುಗಳ ಹತ್ತಿರ ಕೂರಿಸಿದ್ದರು. ಆಮೆಯನ್ನು ತಂದುಕೊಡಲು ಅನಸುಬಾಯಿ ಮಾತ್ರ ಮುಂದೆ ಬಂದಳು. ಬೇರೆ ಯಾರು ಹಿಡಿದರೂ ಅದು ಕಚ್ಚುತ್ತಿತ್ತು.

ಸಾಹೇಬರು ಬಾತು ನೋಡಿದರು, ಬೆಳ್ಳಕ್ಕಿ ನೋಡಿದರು. ಮನಸ್ಸು ನಿಂತದ್ದು ಆಮೆಯ ಮೇಲೆ.

"ಏನು ಹೊಳಪು! ಇದು ಯಾವ ಜಾತಿ ಆಮೆ?"

"ಭಾಳ ಅಪರೂಪದ್ದು ಸಾಹೇಬ್ರ" ಎಂದ ಗುರುಲಿಂಗಯ್ಯ. "ನಮ್ಮ ಹೊಳಿ ಬಿಟ್ರ ಎಲ್ಲೂ ಸಿಗಂಗಿಲ್ಲ."

ಅನಸುಬಾಯಿ ಎದೆ ಸೆಟೆಸಿ ನಿಂತಳು. ಸಾಹೇಬರು ಆಮೆಯನ್ನು ಎದೆಯ ಮಟ್ಟಕ್ಕೆ ಎತ್ತಿ ಕ್ಯಾಮರಾಕ್ಕೆ ಹಲ್ಲು ಕಿಸಿದರು. ಅಪರೂಪದ ಆಮೆ ಬಿಳಿ ಪ್ಯಾಂಟಿನ ಮೇಲೆ ಉಚ್ಚೆ ಹೊಯ್ಯಿತು.

ಗದ್ದಲದಲ್ಲಿ ಡೇರೆಯ ಹಿಂದಿನಿಂದ ಏನೋ ಬಂದದ್ದು ಮೊದಲಿಗೆ ಯಾರಿಗೂ ತಿಳಿಯಲಿಲ್ಲ. ನೆತ್ತಿಯಿಂದ ಅಂಗಾಲಿನವರೆಗೆ ಕರಿ ಎಣ್ಣೆ. ಸೀರೆ ಯಾವುದು, ಚರ್ಮ ಯಾವುದು ಗೊತ್ತಾಗುತ್ತಿರಲಿಲ್ಲ, ಎರಡು ಕಣ್ಣು ಮಾತ್ರ ಬೆಳ್ಳಗಿದ್ದವು. ನೆಲಕ್ಕೆ ಹಾಸಿದ ಕೆಂಪು ಜಮಖಾನೆಯ ಮೇಲೆ ಹೆಜ್ಜೆ ಮೂಡಿಸುತ್ತ ಅದು ನಡೆದು ಬಂತು, ಬಾತು ತೊಳೆಯುವ ದೊಡ್ಡ ಟಬ್ಬಿನಲ್ಲಿ ಕಾಲಿಟ್ಟು, ಬೆಚ್ಚಗಿನ ಫಿಲ್ಟರ್ ನೀರಿನಲ್ಲಿ ಕೂತುಕೊಂಡಿತು.

"ಯಾವಾಕಿ ಇಕಿ? ಹೊರಗ ಹಾಕ್ರಿ!" ಎಂದು ಗುರುಲಿಂಗಯ್ಯ ಚೀರಿದ.

"ಹಾಕಂಗಿಲ್ರಿ" ಎಂದಳು ಜಗದೇವಿ. "ಎಣ್ಣಿ ಹತ್ತೇದ. ಯಾವ ಜೀವ ಇದ್ರೂ ಅಂತ ಮೇಡಂ ಹೇಳ್ಯಾರ." ಒಂದು ಕಾಲು ಎತ್ತಿ ಟಬ್ಬಿನ ಅಂಚಿಗೆ ಇಟ್ಟಳು. "ತೊಳೀರಿ. ಕಡಗ ಹಾಕ್ರಿ. ನೀರಿಗಿ ಬಿಡ್ರಿ. ನನ್ನ ಜಾಗಾ ನನಗ ಗೊತ್ತದ, ಯಾರೂ ಎತ್ಕೊಂಡು ಹೋಗೋದು ಬ್ಯಾಡ."

ಭಾಗ್ಯಶ್ರೀ ಬ್ರಷ್ಷು ಹಿಡಿದು ನಿಂತಿದ್ದಳು. ಮುಂದೆ ಬರಲಿಲ್ಲ, ಹಿಂದೆಯೂ ಸರಿಯಲಿಲ್ಲ. ಕ್ಯಾಮರಾ ಪ್ಯಾಂಟನ್ನು ಬಿಟ್ಟು ಟಬ್ಬಿನ ಕಡೆ ತಿರುಗಿತು.

ಗುರುಲಿಂಗಯ್ಯನಿಗೆ ಮೈಮೇಲೆ ಖಬರು ಉಳಿಯಲಿಲ್ಲ. "ಏಳಽ ಬೋಸಡಿ!" ಎಂದು ಬಂದವನೇ ಅವಳ ರಟ್ಟೆ ಹಿಡಿದು ಎಳೆದ. ಕೈ ಜಾರಿತು. ಮತ್ತೆ ಹಿಡಿದ, ಮತ್ತೆ ಜಾರಿ ಟಬ್ಬಿನ ಪಕ್ಕಕ್ಕೆ ಮಂಡಿಯೂರಿ ಬಿದ್ದ. ಎದ್ದು ನಿಂತು ಕೈ ನೋಡಿಕೊಂಡ. ಮೊಣಕೈಯವರೆಗೆ ಕಪ್ಪು, ಧೋತರದ ಮೇಲೂ ಕಪ್ಪು. ಅವರ ಮನೆತನದ ಗಂಡಸು ಕೇರಿಯ ಹೆಂಗಸನ್ನು ಹಗಲಿನಲ್ಲಿ ಮುಟ್ಟಿದ್ದು ಇದೇ ಮೊದಲು.

ಡೇರೆಯ ಹಿಂದಿನಿಂದ ಶಹರಬಾನು ಬಂದಳು, ಕರ್ರಗೆ. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ಡ್ರಮ್ಮಿನ ಮುಚ್ಚಳ ಉರುಳುವ ಸದ್ದು ಕೇಳಿಸುತ್ತಲೇ ಇತ್ತು. ಟಬ್ಬಿನ ಹಿಂದೆ ಸಾಲು ಬೆಳೆಯಿತು.

ಅನಸುಬಾಯಿ ಸೊಂಟದ ಗಂಟಿನಿಂದ ಪಾಲಿಶ್ ಕಲ್ಲು ತೆಗೆದಳು. ಗುರುಲಿಂಗಯ್ಯನ ಹತ್ತಿರ ಬಂದು ಅವನ ಕರಿ ಕೈಯನ್ನು ಮೇಲಿಂದ ಕೆಳಗೆ ನೋಡಿದಳು.

"ಸಾಲಿಗಿ ಬರ್ರಿ ಅಯ್ಯನೋರ, ನಿಮಗೂ ಹತ್ತೇದ. ಮೆಲ್ಲಕೇ ತಿಕ್ತೀನಿ. ಜೀವ ಅದ ಇದರಾಗ."