ಊರಿಕೆ ಬಂದವರು

ಶ್ರೀನಿವಾಸಪುರದ ವೆಂಕಟರಾಯಪ್ಪನ ಮಾವಿನ ಮಂಡಿಯ ಶೆಡ್ಡು ಎಷ್ಟು ದೊಡ್ಡದೆಂದರೆ, ಈ ಮೂಲೆಯಲ್ಲಿ ಕೆಮ್ಮಿದವನ ಕೆಮ್ಮು ಆ ಮೂಲೆಗೆ ಮುಟ್ಟುವಷ್ಟರಲ್ಲಿ ಕೆಮ್ಮಿದವನಿಗೆ ನೆಗಡಿ ವಾಸಿಯಾಗಿರುತ್ತಿತ್ತು. ಇದು ವೆಂಕಟರಾಯಪ್ಪ ಹೇಳಿಕೊಳ್ಳುತ್ತಿದ್ದ ಮಾತಲ್ಲ. ಅವನು ಹೇಳಿಕೊಳ್ಳುತ್ತಿದ್ದುದು ಇದಕ್ಕಿಂತ ಜಾಸ್ತಿ. ಮಾವಿನ ಕಾಲದಲ್ಲಿ ಅಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಉಳಿದ ತಿಂಗಳುಗಳಲ್ಲಿ ಹೆಗ್ಗಣಗಳು ಅಲ್ಲಿ ಮಕ್ಕಳು ಮೊಮ್ಮಕ್ಕಳ ಮದುವೆ ಮಾಡಿಕೊಂಡು ಸುಖವಾಗಿದ್ದವು.

ಊರಿನ ವಿಷಯಕ್ಕೆ ಬಂದರೆ, ಬೆಳೆಯುತ್ತಿರಲಿಲ್ಲ ಎನ್ನುವಂತಿಲ್ಲ. ಗೋಡೆಯ ಮೇಲೆ ಪಾಚಿ ಬೆಳೆದ ಹಾಗೆ ಬೆಳೆಯುತ್ತಿತ್ತು. ಹೊಸ ಬಡಾವಣೆಗೆ ಇಂದ್ರನ ಐರಾವತ ನುಗ್ಗುವಂಥ ಕಮಾನು ಎದ್ದಿತ್ತು; ಒಳಗೆ ಸೈಟಿನ ಕಲ್ಲುಗಳ ಮಧ್ಯೆ ಮೇಕೆಗಳು ಸಂಸಾರ ಹೂಡಿದ್ದವು. ಹುಟ್ಟಿದಷ್ಟೂ ಜನ ಬೆಳೆದು ಬೆಳಗಿನ ಬಸ್ಸು ಹತ್ತುತ್ತಿದ್ದರು, ಕೋಲಾರಕ್ಕೋ ಮಾಲೂರಿಗೋ. ಒಂದೆರಡು ವರ್ಷ ಹಾಗೆ ಓಡಾಡಿ ಸೊಂಟ ಬಿದ್ದುಹೋದ ಮೇಲೆ ಅಲ್ಲೇ ಮನೆ ಹಿಡಿಯುತ್ತಿದ್ದರು.

ಈಗ ಆ ಸರದಿ ವೆಂಕಟರಾಯಪ್ಪನ ಸೊಸೆ ಅನಿತಳಿಗೆ ಬಂದಿತ್ತು. ಅವಳು ಮಾಲೂರಿನ ಒಂದು ಗಾರ್ಮೆಂಟ್ಸಿನಲ್ಲಿ ಷರ್ಟಿಗೆ ಕಾಲರ್ ಹೊಲಿಯುತ್ತಿದ್ದಳು. ಅವಳು ಬಾಗಿಲು ತೆಗೆದ ಸದ್ದಿಗೇ ಬೀದಿಯ ಹುಂಜಗಳು ಎಚ್ಚೆತ್ತು ಕೂಗುತ್ತಿದ್ದವು. ಸಂಜೆ ಬರುವಷ್ಟರಲ್ಲಿ ಮಗಳು ಶಿವಾನಿ ಅಜ್ಜನ ಎದೆಯ ಮೇಲೆ ನಿದ್ದೆ ಹೋಗಿರುತ್ತಿದ್ದಳು. ಗಂಡ ಗೋಪಿಯದು ಗೂಡ್ಸ್ ಆಟೊ, ಎಲ್ಲಾದರೂ ಓಡುತ್ತದೆ. ಸಂಕ್ರಾಂತಿ ಕಳೆಯುತ್ತಲೂ ಮಾಲೂರಿಗೆ ಹೋಗಿಬಿಡುವುದೆಂದು ಗಂಡ ಹೆಂಡತಿ ತೀರ್ಮಾನ ಮಾಡಿದರು. ವೆಂಕಟರಾಯಪ್ಪ ಅದಕ್ಕೆ ತುಟಿ ಬಿಚ್ಚಲಿಲ್ಲ. ಅವನು ಸುಮ್ಮನಿದ್ದುದನ್ನು ನೋಡಿ ಹೆಂಡತಿ ಶ್ಯಾಮಲಮ್ಮ ಡಾಕ್ಟರನ್ನು ಕರೆಸಲು ಹೊರಟಿದ್ದಳು.

ಒಂದು ಭಾನುವಾರ ಅನಿತಳೇ ಸುದ್ದಿ ತಂದಳು.

"ಮಾವಾ, ನಮ್ಮ ಕಂಪನಿಯವರು ಈ ಕಡೆ ಒಂದು ಚಿಕ್ಕ ಯೂನಿಟ್ ಹಾಕ್ತಾರಂತೆ. ಮುಳಬಾಗಿಲು ನೋಡಿದಾರೆ. ನಾನು ನಮ್ಮ ಶೆಡ್ಡಿನ ವಿಷಯ ಮ್ಯಾನೇಜರ್ ಸುನಂದ ಮೇಡಂಗೆ ಹೇಳ್ದೆ. ಶೆಡ್ ಸಿಗುತ್ತೆ, ಜನ ಸಿಗ್ತಾರಾ ಅಂತ ಕೇಳಿದ್ರು."

"ಜನಾನಾ!" ವೆಂಕಟರಾಯಪ್ಪನಿಗೆ ಮಾತು ವಾಪಸ್ಸು ಬಂತು. "ನಾನೊಂದು ಶಿಳ್ಳೆ ಹಾಕಿದ್ರೆ ಗೌನಿಪಲ್ಲಿ ಗಡಿಯಿಂದ ಹೊಲಿಗೆ ಮಿಷನ್ ತಲೆ ಮೇಲೆ ಹೊತ್ಕೊಂಡು ಬರ್ತಾರೆ ಕಣಮ್ಮಾ!"

"ಶಿಳ್ಳೆ ಬೇಡ ಮಾವಾ. ಫೋನ್ ಮಾಡಿ."

ಫೋನ್ ಮಾಡಿದ. ಸುನಂದ ಮೇಡಂ ಬರುವ ದಿನ ಶೆಡ್ಡಿನ ಮುಂದೆ ಹೆಂಗಸರ ಸಮುದ್ರವೇ ನೆರೆಯಿತು. ಸರಿ, ಕೆರೆ ಅನ್ನಿ. ಶೆಡ್ಡಿನ ಅರ್ಧ ತುಂಬಿತ್ತು, ಅದಂತೂ ದೇವರಾಣೆಗೂ ನಿಜ. ಊರಿನ ಗಲ್ಲಿಗಳವರು, ಗೌನಿಪಲ್ಲಿ ಕಡೆಯಿಂದ ಬಸ್ಸಿಳಿದವರು, ಎಲ್ಲರೂ ತಲೆಗೆ ಎಣ್ಣೆ ಹಾಕಿ, ಹೂ ಮುಡಿದು, ಮದುವೆಗೆ ಬಂದವರ ಹಾಗೆ ಗೋಡೆಗೊರಗಿ ನಿಂತರು.

ಸುನಂದ ಮೇಡಂ ಮೈಸೂರಿನವರು. ಎದುರಿಗೆ ನಿಂತಿದ್ದ ಮುತ್ಯಾಲಮ್ಮನನ್ನು ಮೊದಲು ಕೇಳಿದರು. "ಏನಮ್ಮಾ, ಯಾಕೆ ಬಂದ್ರಿ?"

ಮುತ್ಯಾಲಮ್ಮ ಸೆರಗು ಸರಿಮಾಡಿಕೊಂಡಳು. "ಊರಿಕೆ ಬಂದ್ವಮ್ಮಾ."

"ನೀವು?"

"ನಾನೂ ಊರಿಕೇನೇ ಬಂದೆ ಮೇಡಂ."

ಮೂರನೆಯವಳೂ ಊರಿಕೆ. ಕಂಬದ ಹಿಂದೆ ನಾಚಿಕೊಂಡು ನಿಂತಿದ್ದವಳೂ ಊರಿಕೆ. ಮೇಡಂ ಮುಖ ಅರಳಿತು.

"ಯಜಮಾನ್ರೇ, ಎಲ್ಲಾರೂ ಊರಿಗೆ ಬಂದ್ವಿ, ಊರಿಗೆ ಬಂದ್ವಿ ಅಂತಿದಾರಲ್ಲ! ಹಳ್ಳಿ ಬಿಟ್ಟು ಇಲ್ಲಿಗೇ ಬಂದು ನೆಲೆ ನಿಂತಿದಾರಾ? ನಾನು ಈ ಊರು ಬೆಳೀತಾನೇ ಇಲ್ಲ ಅಂತ ಕೇಳಿದ್ದೆ."

ವೆಂಕಟರಾಯಪ್ಪನಿಗೆ ಒಂದು ಗಳಿಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ, ಬಾಗಿಲಿಗೆ ಬಂದ ಲಕ್ಷ್ಮಿಯನ್ನು ತಿದ್ದಿ ಕಳಿಸುವಷ್ಟು ದಡ್ಡ ಅವನಾಗಿರಲಿಲ್ಲ.

"ಅಯ್ಯೋ, ದಿನಾ ಬರ್ತಾನೇ ಇದಾರೆ ಮೇಡಂ! ತಡೆಯೋಕಾಗ್ತಿಲ್ಲ. ಬಸ್ ಸ್ಟ್ಯಾಂಡಲ್ಲಿ ನಿಂತ್ಕೊಳ್ಳೋಕೆ ಜಾಗ ಇಲ್ಲ. ಹಿಂಗೇ ಬಂದ್ರೆ ಇನ್ನೊಂದು ವರ್ಷಕ್ಕೆ ಕೋಲಾರ ನಮ್ಮೂರಿನ ಒಂದು ವಾರ್ಡ್ ಆಗೋಗತ್ತೆ."

ಅನಿತ ಮಾವನ ಕಾಲು ತುಳಿದಳು. ಅವನು ಕಾಲು ಎಳೆದುಕೊಂಡು ಹೇಳುವುದನ್ನು ಮುಂದುವರಿಸಿದ. ಅಷ್ಟರಲ್ಲಿ ಬಾಗಿಲ ಬಳಿ ಯಾರೋ ಕಿಸಕ್ಕೆಂದು ನಕ್ಕರು. ಮೇಡಂ ಕಾರಿನ ಡ್ರೈವರ್ ಕದಿರೇಶ್. ಮಾಲೂರಿನವನು, ಕನ್ನಡದಷ್ಟೇ ಸಲೀಸಾಗಿ ತೆಲುಗು ಬರುತ್ತಿತ್ತು.

"ಏನಪ್ಪಾ ನಗ್ತೀಯಾ?"

"ಮೇಡಂ, ಅವರು ಊರಿಗೆ ಅಂತಿಲ್ಲ. ಊರಿಕೆ ಅಂತಿದಾರೆ. ತೆಲುಗು ಅದು. ಊರಿಕೆ ಅಂದ್ರೆ ಸುಮ್ನೆ. ಕೆಲ್ಸ ಇಲ್ದೆ, ಸುಮ್ನೆ ಬಂದ್ವಿ ಅಂತಿದಾರೆ."

ಮೇಡಂ ವೆಂಕಟರಾಯಪ್ಪನ ಕಡೆ ತಿರುಗಿದರು. ಶೆಡ್ಡಿನ ಹೆಗ್ಗಣಗಳೂ ಉಸಿರು ಬಿಗಿಹಿಡಿದವು.

"ಸುಮ್ನೆ ಬಂದವರನ್ನ ತೋರಿಸೋಕೆ ನನ್ನ ಕರೆಸಿದ್ರಾ? ಊರು ಉಕ್ಕಿ ಹರೀತಿದೆ ಅಂದ್ರಲ್ಲ, ಅದೂ ಹಿಂಗೇನಾ?" ಬ್ಯಾಗು ಹೆಗಲಿಗೇರಿಸಿದರು. "ನಡಿಯಪ್ಪಾ ಕದಿರೇಶ್. ಮುಳಬಾಗಿಲೇ ವಾಸಿ."

ವೆಂಕಟರಾಯಪ್ಪನಿಗೆ ಕಾಣುತ್ತಿದ್ದುದು ಮೇಡಂ ಬೆನ್ನಲ್ಲ. ಗೋಪಿಯ ಆಟೊ, ಅದರ ಮೇಲೆ ಕಟ್ಟಿದ ಬೀರು, ಬೀರುವಿನ ಪಕ್ಕ ಕೂತು ಕೈಬೀಸುವ ಶಿವಾನಿ. ಅವನಿಗೆ ಒಂದು ಸುಳ್ಳೂ ಹೊಳೆಯಲಿಲ್ಲ.

ಅನಿತ ಬಾಗಿಲಿಗೆ ಅಡ್ಡ ನಿಂತಳು.

"ಒಂದು ನಿಮಿಷ ಮೇಡಂ. ಕದಿರೇಶಣ್ಣಾ, ತೆಲುಗು ನಿನಗೆ ಬರುತ್ತೆ, ನಮ್ಮ ಕಡೆ ಮರ್ಯಾದೆ ಬರಲ್ಲ." ಮೇಡಂ ಕಡೆ ತಿರುಗಿದಳು. "ನಮ್ಮಲ್ಲಿ ಯಾರ ಬಾಗಿಲಿಗೆ ಹೋದ್ರೂ ಮೊದಲು ಊರಿಕೆ ಬಂದ್ವಿ ಅಂತಾನೇ ಹೇಳೋದು. ಬರ್ತಿದ್ದಂಗೇ ಇದು ಬೇಕು ಅದು ಬೇಕು ಅಂದ್ರೆ ತಿರುಪೆಯವರು ಅಂದ್ಕೊಳ್ತಾರೆ. ಇದೇ ಮಾವ ಹೆಣ್ಣು ಕೇಳೋಕೆ ನಮ್ಮನೆಗೆ ಬಂದಾಗ ನಮ್ಮಪ್ಪ ಯಾಕೆ ಬಂದ್ರಿ ಅಂದ್ರೆ, ಊರಿಕೆ ಬಂದೆ ಅಂದ್ರು. ಆ ಊರಿಕೆಗೇ ನಾನು ಇವತ್ತು ಇವರ ಸೊಸೆ. ಸುಮ್ನೆ ಬಂದವರು ಯಾರಾದ್ರೂ ಇಷ್ಟು ಹೂ ಮುಡ್ಕೊಂಡು ಬರ್ತಾರಾ ಮೇಡಂ?"

ಮುತ್ಯಾಲಮ್ಮ ಮೆಲ್ಲಗೆ ಸೇರಿಸಿದಳು. "ಹಣ್ಣಾದ ಟೊಮೊಟೊ ಬಿಡಿಸದೆ ಗಿಡದಲ್ಲೇ ಬಿಟ್ಟು ಬಂದಿದೀನಮ್ಮಾ, ಊರಿಕೇನೇ."

ಯಾರೋ ನಕ್ಕರು. ಮೇಡಂ ನಗಲಿಲ್ಲ. "ಯಜಮಾನ್ರೇ, ಈಗ ನಿಜ ಹೇಳಿ. ಈ ಊರಿಗೆ ಜನ ಬರ್ತಿದಾರಾ, ಹೋಗ್ತಿದಾರಾ?"

"ಹೋಗ್ತಿದಾರೆ ಮೇಡಂ," ಎಂದ ವೆಂಕಟರಾಯಪ್ಪ. ಅವನ ಬಾಯಿಂದ ಇಷ್ಟು ಚಿಕ್ಕ ಮಾತು ಬಂದದ್ದು ತಾಲ್ಲೂಕಿನ ಇತಿಹಾಸದಲ್ಲೇ ಮೊದಲು. "ಸಂಕ್ರಾಂತಿ ಆದ್ಮೇಲೆ ನಮ್ಮನೇದೇ ಸರದಿ. ನಿಮಗೆ ಇಷ್ಟು ಅಡ್ಡ ನಿಂತ್ಕೊಂಡು ಮಾತಾಡಿದಳಲ್ಲ, ಇವಳೇ ಹೋಗೋದು."

ಮೇಡಂ ಶೆಡ್ಡಿನ ಸೂರನ್ನೊಮ್ಮೆ, ಹೂವಿನ ತಲೆಗಳನ್ನೊಮ್ಮೆ ನೋಡಿದರು. "ನೋಡೋಣ," ಎಂದು ಕಾರು ಹತ್ತಿದರು.

ನೋಡೋಣ ಎಂಬ ಮಾತಿಗೆ ಯಾವ ಭಾಷೆಯಲ್ಲಿ ಏನರ್ಥವೆಂದು ಹೇಳಲು ಯಾರೂ ಇರಲಿಲ್ಲ. ಸಂಕ್ರಾಂತಿ ಬಂತು, ಹೋಯಿತು, ಮಾಲೂರಿನಿಂದ ಫೋನು ಬರಲಿಲ್ಲ. ಗೋಪಿ ಅಲ್ಲಿ ಮನೆ ನೋಡಿ ಬಂದ.

ಹೊರಡುವ ದಿನ ಬೆಳಿಗ್ಗೆ ಬೀರುವನ್ನು ಆಟೊಗೆ ಏರಿಸಿದರು. ಶ್ಯಾಮಲಮ್ಮ ಉಪ್ಪಿನಕಾಯಿ ಜಾಡಿಗೆ ಬಟ್ಟೆ ಕಟ್ಟುತ್ತ ಒಂದೇ ಗಂಟನ್ನು ಬಿಚ್ಚಿ ಬಿಚ್ಚಿ ಹಾಕುತ್ತಿದ್ದಳು. ವೆಂಕಟರಾಯಪ್ಪ ಹಗ್ಗ ಬಿಗಿದ, ಅದು ಸಡಿಲವಾಗಿದೆಯೆಂದು ಮತ್ತೆ ಬಿಗಿದ. ಆಗ ಬೀದಿ ತಿರುವಿನಲ್ಲಿ ಕದಿರೇಶನ ಕಾರು ಕಾಣಿಸಿಕೊಂಡಿತು.

ಸುನಂದ ಮೇಡಂ ಇಳಿದರು. ತಲೆಯಲ್ಲಿ ಹೂವಿತ್ತು. ಹಿಂದಿನ ಸೀಟಿನಿಂದ ಕೈಯಲ್ಲಿ ಅಳತೆ ಟೇಪು ಹಿಡಿದ ಇಬ್ಬರು ಇಳಿದರು.

ವೆಂಕಟರಾಯಪ್ಪನ ಕಣ್ಣು ಟೇಪಿನ ಮೇಲೇ ಇತ್ತು. ಆದರೂ ಮರ್ಯಾದೆ ಮರ್ಯಾದೆಯೇ.

"ಬನ್ನಿ ಮೇಡಂ. ಏನು ಇಷ್ಟು ದೂರ ಬಂದ್ರಿ?"

ಮೇಡಂ ಆಟೊದ ಮೇಲಿನ ಬೀರು ನೋಡಿದರು, ಅನಿತಳನ್ನು ನೋಡಿದರು.

"ಏನಿಲ್ಲ ಯಜಮಾನ್ರೇ. ಊರಿಕೆ ಬಂದೆ."

ವೆಂಕಟರಾಯಪ್ಪ ಹಗ್ಗ ಕೈಬಿಟ್ಟ.

"ಲೇ ಗೋಪಿ, ಏನ್ಲಾ ನಿಂತ್ಕೊಂಡು ನೋಡ್ತೀಯಾ? ಇಳಿಸೋ ಬೀರೂನ!"

ಯೂನಿಟ್ಟು ಶುರುವಾದಾಗ ಬಂದ ಮಿಷನ್ನುಗಳು ಶೆಡ್ಡಿನ ಒಂದು ಮಗ್ಗುಲಿಗಷ್ಟೇ ಸಾಕಾದವು. ಮಾವಿನ ಕಾಲಕ್ಕೆ ಇನ್ನೊಂದು ಮಗ್ಗುಲು ಉಳಿಯಿತು. ಮುತ್ಯಾಲಮ್ಮನಿಗೆ ಕೆಲಸ ಸಿಕ್ಕಿತು. ಹೊಲಿಗೆ ಕಲಿಸಲು ಬಂದ ಒಬ್ಬಳು ಹೊಸ ಬಡಾವಣೆಯ ಕಮಾನಿನ ಒಳಗೇ ಮನೆ ಹಿಡಿದಳು, ಮೇಕೆಗಳು ಸ್ವಲ್ಪ ಸರಿದು ಜಾಗ ಕೊಟ್ಟವು. ಊರಿನ ಜನಸಂಖ್ಯೆ ಏರಿದ್ದು ಅಷ್ಟೇ. ವೆಂಕಟರಾಯಪ್ಪನನ್ನು ಕೇಳಿದರೆ ಮಾತ್ರ, ಆ ವರ್ಷ ಮಾಲೂರು ಅರ್ಧ ಖಾಲಿಯಾಯಿತು.